ಟಿವಿಯಲ್ಲಿ ಪಿಐಪಿ: ಎರಡು ಎಚ್‌ಡಿಎಂಐ ಒಟ್ಟಿಗೆ ಯಾಕೆ ಬರಲ್ಲ?

ಚಾನೆಲ್_ಚಂದ್ರು
55 ಇಂಚಿನ 4ಕೆ ಸ್ಮಾರ್ಟ್ ಟಿವಿ. ಎಚ್‌ಡಿಎಂಐ 1ರಲ್ಲಿ ಡಿಟಿಎಚ್ ಬಾಕ್ಸು, ಎಚ್‌ಡಿಎಂಐ 2ರಲ್ಲಿ ಸ್ಟ್ರೀಮಿಂಗ್ ಸ್ಟಿಕ್ಕು. ಬೇಕಾಗಿರೋದು ಇಷ್ಟೇ: ಐಪಿಎಲ್ ದೊಡ್ಡದಾಗಿ, ಮೂಲೆಯಲ್ಲಿ ಧಾರಾವಾಹಿ. ಅಂದ್ರೆ ಪಿಐಪಿ (ಪಿಕ್ಚರ್ ಇನ್ ಪಿಕ್ಚರ್, ಚಿತ್ರದೊಳಗೆ ಚಿತ್ರ). ಮೆನುವಿನಲ್ಲಿ 'ಮಲ್ಟಿ ವ್ಯೂ' ಅಂತ ಒಂದು ಆಯ್ಕೆ ಇದೆ. ಆದರೆ ಎರಡನೇ ಕಿಟಕಿಗೆ ಎಚ್‌ಡಿಎಂಐ 2 ಆರಿಸೋಕೆ ಹೋದರೆ ಅದು ಬೂದು ಬಣ್ಣದಲ್ಲಿ ಕೂತಿರುತ್ತೆ, ಒತ್ತಿದರೂ ಅಲ್ಲಾಡಲ್ಲ. ಯೂಟ್ಯೂಬ್ ಮತ್ತು ಫೋನಿನ ಸ್ಕ್ರೀನ್ ಮಾತ್ರ ತಗೊಳ್ಳುತ್ತೆ. ಅಂಗಡಿಯಲ್ಲಿ ಕೇಳಿದ್ದಕ್ಕೆ "ಪಿಐಪಿ ಇದೆ ಸಾರ್" ಅಂತ ಧಾರಾಳವಾಗಿ ಹೇಳಿದ್ದರು.

ಇದು ಸೆಟಿಂಗ್ ಸಮಸ್ಯೆಯೋ, ಟಿವಿಗೇ ಆ ಶಕ್ತಿ ಇಲ್ವೋ? ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಬರಬಹುದಾ? ಬರಲ್ಲ ಅಂದ್ರೆ ಬೇರೆ ದಾರಿ ಏನು?

ಸರ್ಕ್ಯೂಟ್_ಸುಬ್ಬಣ್ಣ
ಸೆಟಿಂಗ್ ಅಲ್ಲ. ಅಪ್‌ಡೇಟ್‌ಗೆ ಕಾಯಬೇಡಿ.

ಟಿವಿ ಹಿಂದೆ ಮೂರು ನಾಲ್ಕು ಎಚ್‌ಡಿಎಂಐ ತೂತು ಕಂಡರೂ ಒಳಗೆ ಸಾಮಾನ್ಯವಾಗಿ ಅವೆಲ್ಲ ಒಂದು ಸ್ವಿಚ್ಚಿಗೆ ಹೋಗಿ ಸೇರುತ್ತವೆ. ಆ ಸ್ವಿಚ್ಚಿನಿಂದ ಮುಂದಕ್ಕೆ ಹೋಗೋದು ಒಂದೇ ಸಿಗ್ನಲ್. ಅಲ್ಲಿ ಒಂದು ರಿಸೀವರ್, ಅದರಲ್ಲೇ ಎಚ್‌ಡಿಸಿಪಿ (ನಕಲು ತಡೆಯೋ ಗುಪ್ತಲಿಪಿ) ಬೀಗ ತೆಗೆಯೋ ಭಾಗ, ಆಮೇಲೆ ಚಿತ್ರದ ಗಾತ್ರ ಬದಲಿಸೋ ಸ್ಕೇಲರ್. ಎರಡು ಎಚ್‌ಡಿಎಂಐ ಏಕಕಾಲಕ್ಕೆ ತೋರಿಸಬೇಕಾದರೆ ಈ ಸರಪಳಿ ಪೂರ್ತಿ ಎರಡು ಸೆಟ್ ಬೇಕು. ಅದು ಹಾರ್ಡ್‌ವೇರ್ ಮಾತು, ಸಾಫ್ಟ್‌ವೇರ್‌ನಿಂದ ಹುಟ್ಟಿಸೋಕೆ ಆಗಲ್ಲ.

ಯೂಟ್ಯೂಬ್ ಯಾಕೆ ಬರುತ್ತೆ ಅಂದ್ರೆ ಅದು ಎಚ್‌ಡಿಎಂಐ ದಾರಿ ಹಿಡಿಯೋದೇ ಇಲ್ಲ. ವೈಫೈಯಿಂದ ಬಂದು ಟಿವಿಯ ವಿಡಿಯೋ ಡಿಕೋಡರ್‌ಗೆ ಹೋಗುತ್ತೆ. ಒಂದು ಚಿತ್ರ ಎಚ್‌ಡಿಎಂಐ ದಾರಿಯಿಂದ, ಇನ್ನೊಂದು ಡಿಕೋಡರ್ ದಾರಿಯಿಂದ. ಎರಡೂ ಬೇರೆ ಬೇರೆ ದಾರಿ ಆದ್ದರಿಂದ ಜೋಡಿ ಆಗುತ್ತೆ. ಈಗಿನ 'ಮಲ್ಟಿ ವ್ಯೂ' ಬಹುತೇಕ ಇದೇ ಲೆಕ್ಕದಲ್ಲಿ ಕೆಲಸ ಮಾಡೋದು.

ತುಂಗಾ_ತೀರ
ಧಾರಾವಾಹೀನ ಮೂಲೆಗೆ ತಳ್ತೀನಿ ಅಂತ ಬಹಿರಂಗವಾಗಿ ಬರೆದ ಧೈರ್ಯಕ್ಕೆ ನಮಸ್ಕಾರ.

ಹುಬ್ಳಿ_ಮಂದಿ
ಅಲ್ರಿ ಸುಬ್ಬಣ್ಣಾರ, ಇಪ್ಪತ್ತು ವರ್ಷದ ಹಿಂದಿನ ಡಬ್ಬಾ ಟಿವಿಗೆ ಪಿಐಪಿ ಬಟನ್ ಇತ್ತು, ಸ್ವಾಪ್ ಬಟನ್ ಇತ್ತು, ಸಣ್ಣ ಚಿತ್ರ ನಾಲ್ಕೂ ಮೂಲಿಗೆ ಓಡಾಡಿಸೂದಿತ್ತು. ಈಗ ಲಕ್ಷ ರೂಪಾಯಿ ಟಿವಿಗೆ ಇಲ್ಲ ಅಂದ್ರ ಏನ್ ಹೇಳೂದು?

ಕೇಬಲ್_ಕಿಟ್ಟಿ
@ಹುಬ್ಳಿ_ಮಂದಿ ಆ ಕಾಲದ ಕಥೆ ಬೇರೆ ಸಾರ್. ಅನಲಾಗ್ ಕೇಬಲ್ ಇದ್ದಾಗ ಒಂದೇ ವೈರಿನಲ್ಲಿ ಎಲ್ಲಾ ಚಾನೆಲ್ಲೂ ಬಿಚ್ಚಿಟ್ಟ ಹಾಗೆ ಬರ್ತಿದ್ವು. ಟಿವಿ ಒಳಗೆ ಎರಡು ಟ್ಯೂನರ್ ಇದ್ದರೆ ಒಂದು ಚಂದನ ಹಿಡಿಯೋದು, ಇನ್ನೊಂದು ಉದಯ ಹಿಡಿಯೋದು, ಕೆಲಸ ಮುಗೀತು. ಒಂದೇ ಟ್ಯೂನರ್ ಇದ್ದ ಅಗ್ಗದ ಪಿಐಪಿ ಟಿವಿಗಳಲ್ಲಿ ಸಣ್ಣ ಕಿಟಕಿಗೆ ವಿಸಿಆರ್ ಅಥವಾ ವಿಸಿಡಿ ಪ್ಲೇಯರ್‌ನ ಎವಿ ವೈರ್ (ಹಳದಿ-ಬಿಳಿ-ಕೆಂಪು ಪ್ಲಗ್ಗಿನದು) ಕೊಡಬೇಕಿತ್ತು.

ಆಮೇಲೆ ಕೇಬಲ್ ಡಿಜಿಟಲ್ ಆಯ್ತು. ಬೆಂಗಳೂರು, ಮೈಸೂರಿಗೆ ಎರಡನೇ ಹಂತದಲ್ಲಿ, 2013ರ ಮಾರ್ಚ್ 31ರ ಗಡುವು. ಅಲ್ಲಿಂದ ಚಾನೆಲ್ ಎಲ್ಲಾ ಎನ್‌ಕ್ರಿಪ್ಟ್ ಆಗಿ ಬಾಕ್ಸಿಗೆ ಬರುತ್ತೆ, ಬಾಕ್ಸು ಒಂದು ಸಲಕ್ಕೆ ಒಂದೇ ಚಾನೆಲ್ ಹೊರಗೆ ಕೊಡುತ್ತೆ. ಟಿವಿಯ ಟ್ಯೂನರ್‌ಗೆ ಕೆಲಸವೇ ಇಲ್ಲ. ಎಷ್ಟೋ ಮನೆಗಳಲ್ಲಿ ಆಂಟೆನಾ ಸಾಕೆಟ್ಟಿಗೆ ವೈರೇ ಇರಲ್ಲ. ಪಿಐಪಿ ಸತ್ತಿದ್ದು ಟಿವಿ ಕಂಪನಿಯಿಂದ ಅಲ್ಲ, ಸೆಟ್‌ಟಾಪ್ ಬಾಕ್ಸಿನಿಂದ.

ಪಿಕ್ಸೆಲ್_ಪುಟ್ಟ
ಅರ್ಧ ಒಪ್ತೀನಿ, ಅರ್ಧ ಒಪ್ಪಲ್ಲ. ಕಂಪನಿಯವರು ದುಡ್ಡು ಉಳಿಸ್ತಿರೋದೂ ನಿಜ. 34 ಇಂಚಿನ ಅಗಲದ ಕಂಪ್ಯೂಟರ್ ಮಾನಿಟರ್‌ಗಳಲ್ಲಿ ಎಚ್‌ಡಿಎಂಐ + ಡಿಸ್‌ಪ್ಲೇಪೋರ್ಟ್ ಅಕ್ಕಪಕ್ಕ ಇಟ್ಟು ನೋಡೋ ಪಿಬಿಪಿ ಮಾಮೂಲಿ. 43 ಇಂಚಿನ 4ಕೆ ಮಾನಿಟರ್ ಕೆಲವದರಲ್ಲಿ ನಾಲ್ಕು ಇನ್‌ಪುಟ್ ನಾಲ್ಕು ಚೌಕದಲ್ಲಿ ಬರುತ್ತೆ, ಪ್ರತಿಯೊಂದೂ 1080ಪಿ. ಮಾನಿಟರ್‌ಗೆ ಆಗೋದು ಟಿವಿಗೆ ಯಾಕೆ ಆಗಲ್ಲ?

ಸರ್ಕ್ಯೂಟ್_ಸುಬ್ಬಣ್ಣ
ಆಗಲ್ಲ ಅಂತ ಹೇಳಿಲ್ಲ, ಹಾಕಿಲ್ಲ ಅಂದೆ. ಲೆಕ್ಕ ನೋಡಿ. 4ಕೆ ಅಂದ್ರೆ 3840 × 2160, ಒಂದು ಫ್ರೇಮಿಗೆ ಸುಮಾರು 83 ಲಕ್ಷ ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್, ಪಿಕ್ಸೆಲ್ಲಿಗೆ 3 ಬೈಟ್. ಸೆಕೆಂಡಿಗೆ ಹತ್ತಿರ ಹತ್ತಿರ 1.5 ಜಿಬಿ ಮೆಮೊರಿಗೆ ಬರೆಯಬೇಕು, ಅಷ್ಟನ್ನೇ ವಾಪಸ್ ಓದಬೇಕು. ಮೋಷನ್ ಸ್ಮೂದಿಂಗ್ (ಚಲನೆಯನ್ನ ನುಣುಪಾಗಿಸೋದು) ಆನ್ ಇದ್ದರೆ ಹಿಂದಿನ ಫ್ರೇಮುಗಳನ್ನೂ ಮತ್ತೆ ಓದಬೇಕು. ಇದರ ಜೊತೆ ಸ್ಮಾರ್ಟ್ ಮೆನು, ಆಪ್‌ಗಳು ಎಲ್ಲವೂ ಅದೇ ಮೆಮೊರಿ ಹಂಚಿಕೊಳ್ಳುತ್ತವೆ. ಎರಡನೇ 4ಕೆ ಚಿತ್ರ ಸೇರಿಸಿದರೆ ಹೊರೆ ದುಪ್ಪಟ್ಟು.

ಇನ್ನೊಂದು, ಮಾನಿಟರ್‌ನಲ್ಲೂ ಪಿಬಿಪಿ ಆನ್ ಮಾಡಿದ ತಕ್ಷಣ ಎಚ್‌ಡಿಆರ್, ಅಡಾಪ್ಟಿವ್ ಸಿಂಕ್ (ಫ್ರೇಮಿನ ವೇಗಕ್ಕೆ ಪರದೆ ಹೊಂದಿಕೊಳ್ಳೋದು) ಸಾಮಾನ್ಯವಾಗಿ ಆಫ್ ಆಗುತ್ತೆ. ಟಿವಿಯಲ್ಲೂ ಹಾಗೇ. ಡಾಲ್ಬಿ ವಿಷನ್ (ಒಂದು ಬಗೆಯ ಎಚ್‌ಡಿಆರ್) ಓಡ್ತಿದ್ದರೆ, ಗೇಮ್ ಮೋಡ್ ಆನ್ ಇದ್ದರೆ ಮಲ್ಟಿ ವ್ಯೂ ಬೂದು ಆಗೋದು ಈ ಕಾರಣಕ್ಕೆ. "ನಿನ್ನೆ ಇತ್ತು ಇವತ್ತಿಲ್ಲ" ಅನ್ನೋ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಅದು.

ಪಿಕ್ಸೆಲ್_ಪುಟ್ಟ
ಸಣ್ಣ ಕಿಟಕಿಗೆ 4ಕೆ ಯಾಕೆ ಬರೀಬೇಕು? ಮೊದಲೇ ಕುಗ್ಗಿಸಿ ಮೆಮೊರಿಗೆ ಹಾಕಿದರೆ ಹೊರೆ ಒಂಬತ್ತನೇ ಒಂದು ಭಾಗ. ಸಿಆರ್‌ಟಿ (ಹಳೇ ಡಬ್ಬಾ ಟಿವಿ) ಕಾಲದ ಪಿಐಪಿ ಚಿಪ್ಪುಗಳು ಮಾಡ್ತಿದ್ದಿದ್ದೇ ಅದು, ಚಿತ್ರವನ್ನ 1/9 ಅಥವಾ 1/16 ಗಾತ್ರಕ್ಕೆ ಇಳಿಸಿ ಪುಟ್ಟ ಮೆಮೊರಿಯಲ್ಲಿ ಇಟ್ಕೊಳ್ಳೋದು. ಸೀಮೆನ್ಸ್ ಅಂತಹ ಚಿಪ್ಪುಗಳನ್ನ ಪಿಐಪಿಗೆಂದೇ ಮಾಡ್ತಿತ್ತು. ಮೆಮೊರಿ ನೆಪ ಬೇಡ, ಎರಡನೇ ಎಚ್‌ಡಿಎಂಐ ರಿಸೀವರ್‌ನ ಖರ್ಚು ಬೇಡ ಅಂತ ನೇರ ಹೇಳಿ.

ಸರ್ಕ್ಯೂಟ್_ಸುಬ್ಬಣ್ಣ
ಕುಗ್ಗಿಸೋಕೂ ಎರಡನೇ ಸ್ಕೇಲರ್ ಬೇಕಲ್ಲಪ್ಪ. ಸರಿ, ಕೊನೆಗೆ ಖರ್ಚೇ ಅಂತ ಇಟ್ಕೊಳ್ಳಿ. ಕೇಳೋರು ಕಮ್ಮಿ, ಅದಕ್ಕೆ ಹಾಕೋರೂ ಕಮ್ಮಿ.

ಮಂಗ್ಳೂರು_ಮೀಟರ್
ಎಲ್ಲರೂ ಯಾಕೆ ಆಗುದಿಲ್ಲ ಅಂತ ಹೇಳ್ತಾ ಕೂತರೆ ಚಂದ್ರು ಅವರು ಮ್ಯಾಚ್ ನೋಡುದು ಯಾವಾಗ ಮಾರಾಯ್ರೆ?

ಮೊದಲು ಟಿವಿಯ ಇ-ಮ್ಯಾನ್ಯುಯಲ್ ತೆಗೀರಿ. ಡಬ್ಬಿಯೊಳಗೆ ಬರುವ ನಾಲ್ಕು ಪುಟದ ಕಾಗದ ಅಲ್ಲ, ಕಂಪನಿಯ ಸೈಟಿನಲ್ಲಿ ಮಾದರಿ ಸಂಖ್ಯೆ ಹಾಕಿದರೆ ಸಿಗುವಂಥದ್ದು. ಅದರಲ್ಲಿ ಪಿಐಪಿ ಅಥವಾ ಮಲ್ಟಿ ವ್ಯೂ ಅಧ್ಯಾಯದಲ್ಲಿ ಒಂದು ಕೋಷ್ಟಕ ಉಂಟು. ಎಡಗಡೆ ಮುಖ್ಯ ಚಿತ್ರ, ಮೇಲ್ಗಡೆ ಉಪಚಿತ್ರ, ಯಾವ ಜೋಡಿ ಆಗ್ತದೆ ಅಂತ ಗುರುತು. ಕೊಳ್ಳುವ ಮೊದಲು ನೋಡಬೇಕಾದ್ದೂ ಅದನ್ನೇ. "ಪಿಐಪಿ ಉಂಟಾ" ಅಂತ ಕೇಳಿದರೆ ಅಂಗಡಿಯವ ಉಂಟು ಅಂತಲೇ ಹೇಳುದು. "ಎಚ್‌ಡಿಎಂಐ ಜೊತೆ ಎಚ್‌ಡಿಎಂಐ ಬರ್ತದಾ, ಈಗಲೇ ಹಾಕಿ ತೋರಿಸಿ" ಅಂತ ಕೇಳಬೇಕು.

ಆ ಕೋಷ್ಟಕದಲ್ಲಿ ಸಾಧಾರಣ ಮೂರು ಬಗೆ ಕಾಣ್ತದೆ.

ಹಳೆಯ ಎಲ್‌ಸಿಡಿ, ಎಲ್‌ಇಡಿಗಳಲ್ಲಿ, ಹೆಚ್ಚುಕಡಿಮೆ 2010ರ ಆಚೀಚೆಯವು, ಮುಖ್ಯ ಚಿತ್ರ ಎಚ್‌ಡಿಎಂಐ ಅಥವಾ ಕಾಂಪೊನೆಂಟ್, ಉಪಚಿತ್ರ ಟಿವಿ ಟ್ಯೂನರ್ ಮಾತ್ರ. ಎರಡನೆಯದ್ದು, ಕೆಲವದರಲ್ಲಿ ಉಪಚಿತ್ರಕ್ಕೆ ಎವಿ ಸಹ ಆಗ್ತದೆ. ಮೂರನೆಯದ್ದು, ಹೊಸ ಸ್ಮಾರ್ಟ್ ಟಿವಿಗಳಲ್ಲಿ ಒಂದು ಎಚ್‌ಡಿಎಂಐ, ಇನ್ನೊಂದು ಆಪ್ ಅಥವಾ ಫೋನು.

ನಿಮ್ಮದು ಮೂರನೆಯದ್ದು. ಆದರೆ ಅದರಲ್ಲೂ ಟಿವಿ ಅಥವಾ ಎವಿ ಸಾಲು ಉಂಟಾ ನೋಡಿ. ಇದ್ದರೆ ದಾರಿ ಉಂಟು.

ಚಾನೆಲ್_ಚಂದ್ರು
ನೋಡಿದೆ. ಕೋಷ್ಟಕದಲ್ಲಿ ಎಚ್‌ಡಿಎಂಐ + ಟಿವಿ ಅನ್ನೋದಕ್ಕೆ ಸರಿ ಗುರುತು ಇದೆ, ಎಚ್‌ಡಿಎಂಐ + ಎವಿಗೂ ಇದೆ. ಎಚ್‌ಡಿಎಂಐ + ಎಚ್‌ಡಿಎಂಐಗೆ ಅಡ್ಡಗೆರೆ. ಟಿವಿ ಹಿಂದೆ 3.5 ಎಂಎಂ ಎವಿ ಇನ್ ತೂತು ಇದೆ.

ಬಾಕ್ಸ್_ಬಸ್ಯಾ
ಹಂಗಾದ್ರ ಮುಗೀತು. ಬಾಕ್ಸಿನ ಎವಿ ಔಟ್‌ನಿಂದ ಟಿವಿ ಎವಿ ಇನ್‌ಗೆ ವೈರ್ ಹಾಕ್ರಿ, ಸ್ಟಿಕ್ ಎಚ್‌ಡಿಎಂಐದಾಗ ಇರಲಿ. ಮ್ಯಾಚ್ ಸ್ಟಿಕ್ಕಿನ ಆಪ್‌ದಾಗ, ಧಾರಾವಾಹಿ ಬಾಕ್ಸಿನಾಗ. ಎರಡನೇ ಬಾಕ್ಸಿನ ಗರಜ ಇಲ್ಲ.

ಕೇಬಲ್_ಕಿಟ್ಟಿ
ಸರಿ ಉಪಾಯ. ಎರಡು ಎಚ್ಚರಿಕೆ:

1) ಮ್ಯಾಚೂ ಬಾಕ್ಸಿನಲ್ಲೇ, ಧಾರಾವಾಹಿನೂ ಬಾಕ್ಸಿನಲ್ಲೇ ಅಂದ್ಕೊಂಡು ಒಂದೇ ಬಾಕ್ಸಿನ ಎಚ್‌ಡಿಎಂಐ ಒಂದು ಕಡೆ, ಎವಿ ಇನ್ನೊಂದು ಕಡೆ ಹಾಕೋರು ಇದ್ದಾರೆ. ಎರಡರಲ್ಲೂ ಅದೇ ಚಾನೆಲ್ ಬರುತ್ತೆ. ಎರಡು ಚಾನೆಲ್ ಬೇಕಾದ್ರೆ ಎರಡು ಬಾಕ್ಸ್ ಬೇಕು.

2) 3.5 ಎಂಎಂ ಎವಿ ವೈರ್ ಎಲ್ಲಾ ಒಂದೇ ಅಲ್ಲ. ಪ್ಲಗ್ಗಿನಲ್ಲಿ ಮೂರು ಕಪ್ಪು ಗೆರೆ, ನಾಲ್ಕು ಲೋಹದ ಭಾಗ: ತುದಿ, ಮೊದಲ ಉಂಗುರ, ಎರಡನೇ ಉಂಗುರ, ಬುಡ. ಯಾವುದರಲ್ಲಿ ವಿಡಿಯೋ, ಯಾವುದರಲ್ಲಿ ಗ್ರೌಂಡ್ ಅನ್ನೋದು ತಯಾರಕರಿಂದ ತಯಾರಕರಿಗೆ ಬೇರೆ. ತಪ್ಪು ವೈರ್ ಹಾಕಿದರೆ ಸ್ಪೀಕರ್‌ನಲ್ಲಿ 'ಝಂಯ್' ಅಂತ ಸದ್ದು ಬರುತ್ತೆ, ಚಿತ್ರ ಬರಲ್ಲ. ಆ ಝಂಯ್ ಅನ್ನೋದೇ ವಿಡಿಯೋ ಸಿಗ್ನಲ್, ಆಡಿಯೋ ದಾರಿಗೆ ನುಗ್ಗಿರುತ್ತೆ.

ಮಂಗ್ಳೂರು_ಮೀಟರ್
ಅದಕ್ಕೆ ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ಕಂಟಿನ್ಯೂಟಿಯಲ್ಲಿ ಇಟ್ಟು ಹಳದಿ ಆರ್‌ಸಿಎ ಪ್ಲಗ್ಗಿನ ಹೊರ ಸುತ್ತಿಗೆ ಒಂದು ಕಡ್ಡಿ ಇಡಿ, ಇನ್ನೊಂದನ್ನು 3.5ರ ನಾಲ್ಕು ಭಾಗಕ್ಕೂ ಮುಟ್ಟಿಸಿ. ಎಲ್ಲಿ ಬೀಪ್ ಬರ್ತದೋ ಅದು ಗ್ರೌಂಡ್. ಎರಡನೇ ಉಂಗುರದಲ್ಲಿ ಬಂದರೆ ಒಂದು ಜಾತಿ, ಬುಡದಲ್ಲಿ ಬಂದರೆ ಇನ್ನೊಂದು ಜಾತಿ. ಗ್ರೌಂಡ್ ಜಾಗ ಸರಿಯಿದ್ದು ಉಳಿದವು ಅದಲುಬದಲಾಗಿದ್ದರೆ ಹೊಸ ವೈರ್ ಬೇಡ, ಹಳದಿ ಸಾಕೆಟ್ಟಿಗೆ ಕೆಂಪು ಪ್ಲಗ್ ಅಥವಾ ಬಿಳಿ ಪ್ಲಗ್ ಹಾಕಿ ನೋಡಿ, ಚಿತ್ರ ಬರ್ತದೆ. ಗ್ರೌಂಡೇ ಬೇರೆ ಕಡೆ ಇದ್ದರೆ ಎಷ್ಟು ಬದಲಿಸಿದರೂ ಪ್ರಯೋಜನ ಇಲ್ಲ, ಬೇರೆ ವೈರೇ ತರಬೇಕು.

ಬಾಕ್ಸಿನ ಕಡೆಯೂ 3.5, ಟಿವಿ ಕಡೆಯೂ 3.5 ಆಗಿದ್ದರೆ ನೇರ 3.5-3.5 ವೈರ್ ಹಾಕಬೇಡಿ. ಎರಡೂ ಕಡೆ ಬೇರೆ ಬೇರೆ ಜಾತಿ ಆಗಿರುವ ಸಾಧ್ಯತೆ ಜಾಸ್ತಿ. ಬಾಕ್ಸಿನ ಜೊತೆ ಬಂದ ಆರ್‌ಸಿಎ ವೈರ್, ಟಿವಿ ಜೊತೆ ಬಂದ ಆರ್‌ಸಿಎ ಅಡಾಪ್ಟರ್, ಮಧ್ಯೆ ಹೆಣ್ಣು-ಗಂಡು ಜೋಡಣೆ. ಹಾಗೆ ಮಾಡಿದರೆ ಗೊಂದಲ ಇಲ್ಲ.

ತುಂಗಾ_ತೀರ
ಎವಿ ಅಂದ್ರೆ 576 ಗೆರೆ ತಾನೆ? 55 ಇಂಚಿನಲ್ಲಿ ಮಂಜು ಮಂಜು.

ಪಿಕ್ಸೆಲ್_ಪುಟ್ಟ
ಮೂಲೆಯ ಕಿಟಕಿಗೆ ಅಷ್ಟು ಸಾಕು ಮಾರ್ರೆ. 55 ಇಂಚಿನ ಪರದೆಯಲ್ಲಿ 1/9 ಕಿಟಕಿ ಅಂದ್ರೆ ಕರ್ಣ 18 ಇಂಚು ಚಿಲ್ಲರೆ. 4ಕೆ ಪ್ಯಾನೆಲ್ಲಿನಲ್ಲಿ ಆ ಜಾಗದ ಎತ್ತರ 720 ಪಿಕ್ಸೆಲ್. 576 ಗೆರೆ ಅಲ್ಲಿ ಚೆನ್ನಾಗಿಯೇ ಕಾಣುತ್ತೆ. 1/16 ಆದರೆ 14 ಇಂಚಿಗಿಂತ ಚೂರು ಕಮ್ಮಿ, ಎತ್ತರ 540 ಪಿಕ್ಸೆಲ್, ಎಚ್‌ಡಿ ಹಾಕಿದರೂ ವ್ಯತ್ಯಾಸ ಗೊತ್ತಾಗಲ್ಲ. ಹತ್ತು ಅಡಿ ದೂರದಿಂದ ಕೂತು ನೋಡೋರಿಗೆ ಸಣ್ಣ ಕಿಟಕಿಯ ಸ್ಕೋರ್ ಪಟ್ಟಿ ಓದೋಕೆ ಆಗಲ್ಲ, ಹಾಗಾಗಿ ಕ್ರಿಕೆಟ್ಟೇ ದೊಡ್ಡದಿರಬೇಕು ಅನ್ನೋ ಚಂದ್ರು ವಾದಕ್ಕೆ ನನ್ನ ತಾಂತ್ರಿಕ ಬೆಂಬಲ ಇದೆ.

ಕಿಟಕಿ ಮೇಲಿನ ಮೂಲೆಯಲ್ಲಿಡಿ. ಕೆಳಗಿಟ್ಟರೆ ಸ್ಕೋರ್ ಪಟ್ಟಿ ಮುಚ್ಚಿಹೋಗುತ್ತೆ.

ಹುಬ್ಳಿ_ಮಂದಿ
ಒಎಲ್‌ಇಡಿ ಇದ್ದವ್ರು ತಾಸುಗಟ್ಟಲೆ ಒಂದೇ ಮೂಲ್ಯಾಗ ಇಡಬ್ಯಾಡ್ರಿ. ಕಿಟಕಿ ಅಂಚು, ಚಾನೆಲ್ ಲೋಗೋ ಅಲ್ಲೇ ಕುಂತು ಅಚ್ಚು ಬೀಳ್ತಾವ. ಓವರ್ ನಡುವ ಮೂಲಿ ಬದಲ ಮಾಡ್ರಿ.

ಅಮೆರಿಕದ_ಅಪ್ಪು
ಇಲ್ಲಿ ನ್ಯೂಜೆರ್ಸಿ ಕಡೆ ಹಣ ಕೊಟ್ಟು ಚಾನೆಲ್ ನೋಡೋ ಯೂಟ್ಯೂಬ್ ಟಿವಿಯಲ್ಲಿ 2023ರಿಂದ ಮಲ್ಟಿವ್ಯೂ ಅಂತ ಇದೆ, ನಾಲ್ಕು ಆಟ ಒಂದೇ ಪರದೆಯಲ್ಲಿ. ತಮಾಷೆ ಏನಂದ್ರೆ ಅದು ನಿಮ್ಮ ಟಿವಿಯಲ್ಲಿ ಆಗೋ ಕೆಲಸವೇ ಅಲ್ಲ. ಅವರ ಸರ್ವರ್‌ನಲ್ಲೇ ನಾಲ್ಕು ಚಿತ್ರ ಸೇರಿಸಿ ಒಂದೇ ವಿಡಿಯೋ ಮಾಡಿ ಕಳಿಸ್ತಾರೆ. ಟಿವಿಗೆ ಅದು ಒಂದೇ ಸ್ಟ್ರೀಮ್. ಅದಕ್ಕೇ ಅಗ್ಗದ ಸ್ಟಿಕ್ಕಿನಲ್ಲೂ ಓಡುತ್ತೆ. ಆದರೆ ಯಾವ ಚಾನೆಲ್ ಜೊತೆ ಯಾವುದು ಅನ್ನೋದನ್ನ ಶುರುವಿನಲ್ಲಿ ಬಹುಮಟ್ಟಿಗೆ ಅವರೇ ತೀರ್ಮಾನಿಸ್ತಿದ್ದರು, ನಮ್ಮ ಇಷ್ಟದ ಜೋಡಿ ಸಿಗೋದು ಅಪರೂಪವಾಗಿತ್ತು.

ತುಂಗಾ_ತೀರ
ನಮ್ಮಲ್ಲೂ 2023ರ ಐಪಿಎಲ್‌ಗೆ ಜಿಯೋಸಿನಿಮಾದಲ್ಲಿ ಮಲ್ಟಿಕ್ಯಾಮ್ ಕೊಟ್ಟಿದ್ದರಲ್ಲ.

ಪಿಕ್ಸೆಲ್_ಪುಟ್ಟ
ಅದು ಒಂದೇ ಪಂದ್ಯದ ಬೇರೆ ಬೇರೆ ಕ್ಯಾಮೆರಾ ಆರಿಸ್ಕೊಳ್ಳೋದು. ಪಿಐಪಿ ಅಲ್ಲ. ಪಂದ್ಯದ ಪಕ್ಕ ಧಾರಾವಾಹಿ ಯಾರೂ ಕೊಡಲ್ಲ, ಎರಡೂ ಬೇರೆ ಬೇರೆ ಕಂಪನಿಯ ಸೊತ್ತು.

ಆಂಡ್ರಾಯ್ಡ್_ಆನಂದ
ಗೂಗಲ್ ಟಿವಿ/ಆಂಡ್ರಾಯ್ಡ್ ಟಿವಿಯಲ್ಲಿ ಪಿಐಪಿ ಇದೆ ಅಂತ ಯಾರಾದರೂ ಹೇಳೋ ಮುಂಚೆ ನಾನೇ ಹೇಳ್ತೀನಿ. ಆಂಡ್ರಾಯ್ಡ್ 7.0ರಲ್ಲಿ, 2016ರಲ್ಲಿ, ಪಿಐಪಿ ಮೊದಲು ಬಂದಿದ್ದೇ ಟಿವಿಗೆ. ಫೋನಿಗೆ ಬಂದಿದ್ದು ಮರುವರ್ಷ 8.0ರಲ್ಲಿ. ಆದರೂ ಬಳಕೆಯಲ್ಲಿ ಫೋನಿನಲ್ಲೇ ಜಾಸ್ತಿ. ಕಾರಣಗಳು:

ಆಪ್ ಬರೆದವರು "ನಮ್ಮ ಆಪ್ ಪಿಐಪಿಗೆ ಸಿದ್ಧ" ಅಂತ ಆಪ್‌ನ ವಿವರ ಪಟ್ಟಿಯಾದ ಮ್ಯಾನಿಫೆಸ್ಟ್‌ನಲ್ಲಿ ಘೋಷಿಸಿರಬೇಕು. ಇಲ್ಲದಿದ್ದರೆ ಹೋಮ್ ಬಟನ್ ಒತ್ತಿದ ತಕ್ಷಣ ಆಪ್ ಮುಚ್ಚಿಹೋಗುತ್ತೆ, ಕಿಟಕಿ ಬರಲ್ಲ.

ರ‍್ಯಾಮ್ ಕಮ್ಮಿ ಇರೋ ಸಾಧನಗಳಲ್ಲಿ ಪಿಐಪಿಯನ್ನೇ ತೆಗೆದಿರ್ತಾರೆ. 1 ಜಿಬಿ, 1.5 ಜಿಬಿ ಟಿವಿ ತಗೊಂಡವರು ಆಸೆ ಬಿಡಿ.

ಕಿಟಕಿ ಬಂದರೂ ಹಿಂದೆ ಇನ್ನೊಂದು ವಿಡಿಯೋ ಹಾಕಿದ ಕೂಡಲೇ ಮೊದಲನೇದು ನಿಲ್ಲುತ್ತೆ. ಆಡಿಯೋ ಹಕ್ಕು ಒಂದು ಸಲಕ್ಕೆ ಒಂದು ಆಪ್‌ಗೆ, ಹಕ್ಕು ಕಳಕೊಂಡ ಆಪ್ ನಿಂತುಬಿಡೋ ಹಾಗೆ ಬರೆದಿರ್ತಾರೆ. ಜೊತೆಗೆ ಡಿಆರ್‌ಎಂ (ನಕಲು ತಡೆಯೋ ಬೀಗ) ಇರೋ ಎರಡು ವಿಡಿಯೋ ಏಕಕಾಲಕ್ಕೆ ಸುರಕ್ಷಿತ ಡಿಕೋಡರ್ ಕೇಳಿದರೆ ಕೆಲವು ಚಿಪ್ಪುಗಳಲ್ಲಿ ಒಂದಕ್ಕೆ ಕಪ್ಪು ಪರದೆ ಅಥವಾ ಎರರ್.

ಹಾಗಾಗಿ ಅಲ್ಲಿ ಪಿಐಪಿ ಅಂದ್ರೆ ವಿಡಿಯೋ ನೋಡ್ತಾ ಮೆನು ಹುಡುಕಾಡೋದಕ್ಕೆ ಮಾತ್ರ. ಎರಡು ಕಾರ್ಯಕ್ರಮಕ್ಕಲ್ಲ.

ಬೀದರ್_ಬಿಟ್
ಎರಡು ಎಚ್‌ಡಿಎಂಐ ಬೇಕೇ ಬೇಕು ಅನ್ನೋರಿಗೆ ಎಚ್‌ಡಿಎಂಐ ಮಲ್ಟಿವ್ಯೂವರ್ ಅಂತ ಪುಟ್ಟ ಪೆಟ್ಟಿಗೆ ಸಿಗುತ್ತೆ. ನಾಲ್ಕು ಒಳಗೆ, ಒಂದು ಹೊರಗೆ. ರಿಮೋಟಿನಲ್ಲಿ ಪೂರ್ಣ, ಅಕ್ಕಪಕ್ಕ, ಪಿಐಪಿ, ನಾಲ್ಕು ಚೌಕ ಅಂತ ಮೋಡ್‌ಗಳು. ಸ್ವಿಚ್ಚರ್ ಕೊಳ್ಳಬೇಡಿ, ಸ್ಪ್ಲಿಟರ್ ಕೊಳ್ಳಬೇಡಿ, ಡಬ್ಬಿ ಮೇಲೆ 'ಮಲ್ಟಿವ್ಯೂವರ್' ಅಂತಲೇ ಇರಬೇಕು. ನೋಡೋಕೆ ಮೂರೂ ಒಂದೇ ಥರ, ಅಂಗಡಿಯವರೂ ಗೊಂದಲ ಮಾಡ್ತಾರೆ. ಸ್ವಿಚ್ಚರ್ ನಾಲ್ಕರಲ್ಲಿ ಒಂದನ್ನ ಆರಿಸುತ್ತೆ, ಸ್ಪ್ಲಿಟರ್ ಒಂದನ್ನ ಎರಡು ಟಿವಿಗೆ ಹಂಚುತ್ತೆ.

ಹಾಕೋವಾಗ ನೆನಪಿಡಬೇಕಾದ್ದು: ಅಗ್ಗದವು ಹೊರಗೆ ಕೊಡೋದು 1080ಪಿ ಮಾತ್ರ. 4ಕೆ ಸ್ಟಿಕ್ಕನ್ನ 1080ಪಿಗೆ ಇಳಿಸಿ, ಎಚ್‌ಡಿಆರ್ ಆಫ್ ಮಾಡಿ, ಇಲ್ಲಾಂದ್ರೆ ಬಣ್ಣ ಬಿಳಿಚಿಕೊಳ್ಳುತ್ತೆ. ಆಡಿಯೋ ಡಾಲ್ಬಿ ಬದಲು ಪಿಸಿಎಂ (ಕುಗ್ಗಿಸದ ಸಾದಾ ಸದ್ದು) ಸ್ಟೀರಿಯೋ ಇಡಿ, ಇಲ್ಲಾಂದ್ರೆ ಚಿತ್ರ ಇದ್ದು ಸದ್ದೇ ಇರಲ್ಲ. ಸ್ಟಿಕ್ಕಿಗೆ ಕರೆಂಟ್ ಅದರ ಅಡಾಪ್ಟರ್‌ನಿಂದಲೇ ಕೊಡಿ. ಟಿವಿ ರಿಮೋಟಿನಿಂದ ಸ್ಟಿಕ್ ಓಡಿಸ್ತಿದ್ದರೆ ಅದು ನಿಲ್ಲಬಹುದು, ಸಿಇಸಿ ಸಂಕೇತ ಈ ಪೆಟ್ಟಿಗೆ ದಾಟೋದು ಕಮ್ಮಿ.

ಮುಖ್ಯವಾದದ್ದು ಇದು: ನಮ್ಮ ಡಿಟಿಎಚ್ 50 ಹರ್ಟ್ಸ್ (ಸೆಕೆಂಡಿಗೆ 50 ಚಿತ್ರ), ಸ್ಟಿಕ್ ಸಾಮಾನ್ಯವಾಗಿ 60. ಮಲ್ಟಿವ್ಯೂವರ್ ಔಟ್‌ಪುಟ್ 60ರಲ್ಲಿದ್ದರೆ ಬಾಕ್ಸಿನ ಕ್ರಿಕೆಟ್ಟಿನಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡುವಾಗ ಚಿತ್ರ ತಡವರಿಸುತ್ತೆ. ಪ್ರತಿ ಐದು ಫ್ರೇಮಿಗೆ ಒಂದು ಮತ್ತೆ ತೋರಿಸಬೇಕಾಗುತ್ತಲ್ಲ, ಅದಕ್ಕೆ. ಔಟ್‌ಪುಟ್ 1080ಪಿ 50ಕ್ಕೆ ಇಡಿ, ಸ್ಟಿಕ್ಕಿನ ಡಿಸ್‌ಪ್ಲೇ ಸೆಟಿಂಗ್‌ನಲ್ಲೂ 50 ಇದ್ದರೆ ಅದನ್ನೇ ಆರಿಸಿ.

ಗಡಿಬಿಡಿ_ಗಣೇಶ
ಬಾಕ್ಸಿನ ಎಚ್‌ಡಿಎಂಐ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್‌ನಿಂದ ತಗೊಂಡು ಅಲ್ಲೇ ಕಿಟಕಿ ಜೋಡಿಸಬಹುದಲ್ವಾ? ಕಪ್ಪು ಪರದೆ ಬರುತ್ತೆ ಅಂತಾರೆ, ಅದಕ್ಕೆ ಮಧ್ಯೆ ಒಂದು ಸ್ಪ್ಲಿಟರ್ ಹಾಕಿದ್ರೆ...

ನಿರ್ವಾಹಕರು
ಗಣೇಶ್ ಅವರೇ, ಎಚ್‌ಡಿಸಿಪಿ ತಪ್ಪಿಸೋ ಉಪಾಯಗಳು ಇಲ್ಲಿ ಬೇಡ. ಉಳಿದದ್ದು ಮುಂದುವರಿಯಲಿ.

ಸರ್ಕ್ಯೂಟ್_ಸುಬ್ಬಣ್ಣ
ಉಪಾಯ ಬಿಡಿ, ಕಾರಣ ಹೇಳಬಹುದು. ಬಾಕ್ಸು ವೈರಿನ ಆ ತುದಿಯಲ್ಲಿ ಎಚ್‌ಡಿಸಿಪಿ ಗೊತ್ತಿರೋ ಸಾಧನ ಇದೆಯಾ ಅಂತ ಕೇಳುತ್ತೆ, ಕ್ಯಾಪ್ಚರ್ ಸ್ಟಿಕ್ ಉತ್ತರ ಕೊಡಲ್ಲ, ಬಾಕ್ಸು ಕಪ್ಪು ಚಿತ್ರ ಕಳಿಸುತ್ತೆ. ಸ್ಟಿಕ್ ಕೆಟ್ಟಿಲ್ಲ. ನಿಮ್ಮದೇ ಕ್ಯಾಮೆರಾ, ನಿಮ್ಮದೇ ಕಂಪ್ಯೂಟರ್ ಆದರೆ ಸರಿಯಾಗೇ ಬರುತ್ತೆ. ಬರೀ ಬ್ರೌಸರ್ ವಿಡಿಯೋ ಆದರೆ ಕ್ಯಾಪ್ಚರ್ ಯಾಕೆ? ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಪಿಐಪಿ ಒಳಗೇ ಇದೆ. ಒಂದು ವಿಡಿಯೋ ಕಿಟಕಿಗೆ ತೆಗೆದು, ಇನ್ನೊಂದು ಟ್ಯಾಬಿನಲ್ಲಿ ಎರಡನೇದು ಹಾಕಿ, ಲ್ಯಾಪ್‌ಟಾಪನ್ನೇ ಟಿವಿಗೆ ಚುಚ್ಚಿ.

ಮಂಡ್ಯ_ಮಾದ
ಎಲ್ಡು ಬಾಕ್ಸ್ ಮಡಗೋರ್ಗೆ ಒಂದ್ ಮಾತು. ಎರಡೂ ಒಂದೇ ಕಂಪ್ನಿ ಬಾಕ್ಸಾದ್ರೆ ಒಂದು ರಿಮೋಟ್ ಒತ್ತುದ್ರೆ ಎರಡೂ ಚಾನೆಲ್ ಬದ್ಲಾಯ್ತವೆ. ಒಂದರ ಮೂತಿ ಮ್ಯಾಲೆ ಐಆರ್ ಕಣ್ಣಿರೋ ಜಾಗಕ್ಕೆ ಕರೀ ಇನ್ಸುಲೇಷನ್ ಟೇಪು ಎರಡು ಪದರ ಅಂಟ್ಸಿ, ಒಂದೇ ಪದರ ಆದ್ರೆ ಹತ್ರದಿಂದ ಒತ್ತುದ್ರೆ ಸಿಗ್ನಲ್ ನುಗ್ಗುತ್ತೆ. ಬಾಕ್ಸ್ ಹಿಂದೆ ಐಆರ್ ಎಕ್ಸ್‌ಟೆಂಡರ್ ತೂತಿದ್ರೆ ಅದಕ್ಕೆ ವೈರು ಹಾಕಿ ಕಣ್ಣನ್ನ ಇನ್ನೊಂದ್ ಕಡೆ ಮಡಗಿ. ಬ್ಲೂಟೂತ್ ರಿಮೋಟ್ ಬಾಕ್ಸಾದ್ರೆ ಈ ತಾಪತ್ರಯ ಇಲ್ಲ, ಜೋಡಿ ಮಾಡಿದ್ದಕ್ಕೆ ಮಾತ್ರ ಕೇಳುಸ್ತದೆ.

ಕೇಬಲ್_ಕಿಟ್ಟಿ
ಜೊತೆಗೆ ಡಿಶ್ ಕಡೆ: ಎರಡು ಬಾಕ್ಸಿಗೆ ಒಂದೇ ವೈರನ್ನ ಟಿ ಜಾಯಿಂಟ್ ಹಾಕಿ ಸೀಳಬೇಡಿ. ಬಾಕ್ಸು ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಭಾಗ) 13 ವೋಲ್ಟ್ ಕಳಿಸಿದರೆ ವರ್ಟಿಕಲ್ ಅಲೆಗಳ ಚಾನೆಲ್, 18 ಕಳಿಸಿದರೆ ಹಾರಿಜಾಂಟಲ್. ಒಂದು ಬಾಕ್ಸು 18 ಕೇಳಿದರೆ ವೈರಿನಲ್ಲಿ 18ರದ್ದೇ ರಾಜ್ಯ, ಇನ್ನೊಂದರ ಅರ್ಧ ಚಾನೆಲ್ಲಿಗೆ 'ಸಿಗ್ನಲ್ ಇಲ್ಲ' ಬರುತ್ತೆ. ಟ್ವಿನ್ ಎಲ್‌ಎನ್‌ಬಿ ಹಾಕಿಸಿ, ಎರಡು ಆರ್‌ಜಿ-6 ವೈರ್ ಬೇರೆ ಬೇರೆ ಇಳಿಸಿ.

ಗಡಿಬಿಡಿ_ಗಣೇಶ
ಎರಡನೇ ಕನೆಕ್ಷನ್‌ಗೆ ತಿಂಗಳ ದುಡ್ಡು ಪೂರ್ತಿ ಕೊಡಬೇಕಾ?

ಕೇಬಲ್_ಕಿಟ್ಟಿ
2020ರ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲಿ ಒಂದೇ ಮನೆಯ ಎರಡನೇ ಟಿವಿಗೆ ನೆಟ್‌ವರ್ಕ್ ಶುಲ್ಕ ಮೊದಲನೇದರ ಶೇ. 40 ದಾಟಬಾರದು ಅಂತ ಇತ್ತು. 2024ರ ಜುಲೈನಲ್ಲಿ ನೆಟ್‌ವರ್ಕ್ ಶುಲ್ಕದ ಮಿತಿಯನ್ನೇ ತೆಗೆದು ಕಂಪನಿಗಳಿಗೆ ಬಿಟ್ಟರು. ಹಾಗಾಗಿ ನಿಮ್ಮ ಡಿಟಿಎಚ್‌ನವರನ್ನೇ ಕೇಳಿ, ಹೊಸ ಕನೆಕ್ಷನ್ ಅಂತ ಕೇಳಬೇಡಿ, 'ಮಲ್ಟಿ ಟಿವಿ' ಅಂತ ಕೇಳಿ. ದರ ಬೇರೆ.

ಹಳೇ_ಬೇರು
ಎವಿ ಇಲ್ಲ, ಟಿವಿ ಟ್ಯೂನರ್ ಮಾತ್ರ ಉಪಚಿತ್ರ ಅನ್ನೋ ಹಳೇ ಎಲ್‌ಇಡಿ ಇರೋರಿಗೆ ದಾರಿ ಯಾರೂ ಬರೆದಿಲ್ಲ. ಆರ್‌ಎಫ್ ಮಾಡ್ಯುಲೇಟರ್ ಬಳಸಬೇಕು. ಬಾಕ್ಸಿನ ಎವಿ ತಗೊಂಡು ಅದನ್ನ ಒಂದು ಅನಲಾಗ್ ಚಾನೆಲ್ ಆಗಿ ಮಾಡೋ ಸಣ್ಣ ಪೆಟ್ಟಿಗೆ.

ಬಾಕ್ಸಿನ ಹಳದಿ ಮತ್ತು ಬಿಳಿ ಮಾಡ್ಯುಲೇಟರ್‌ಗೆ. ಅದರ ಆರ್‌ಎಫ್ ಔಟ್‌ನಿಂದ ಟಿವಿಯ ಆಂಟೆನಾ ಸಾಕೆಟ್ಟಿಗೆ ಕೊಆಕ್ಸ್. ಡಿಶ್ ವೈರಿನ ತಿರುಪು ಕನೆಕ್ಟರ್ ಟಿವಿಗೆ ಕೂರಲ್ಲ, ಒತ್ತಿ ಕೂರಿಸೋ ಪ್ಲಗ್ಗಿಗೆ ಬದಲಿಸೋ ಅಡಾಪ್ಟರ್ ಬೇಕು. ಮಾಡ್ಯುಲೇಟರನ್ನ ಯುಎಚ್‌ಎಫ್ 21ಕ್ಕೆ ಇಡಿ. ಟಿವಿಯಲ್ಲಿ ಅನಲಾಗ್ ಮ್ಯಾನ್ಯುಯಲ್ ಟ್ಯೂನಿಂಗ್, 471.25 ಮೆಗಾಹರ್ಟ್ಸ್ ಆಸುಪಾಸು, ಕಲರ್ ಸಿಸ್ಟಂ ಪಾಲ್, ಸೌಂಡ್ ಸಿಸ್ಟಂ ಬಿ/ಜಿ. ಸಿಕ್ಕಿದ ಮೇಲೆ ಸೇವ್ ಮಾಡಿ ಪಿಐಪಿ ಆನ್ ಮಾಡಿದರೆ ಸಣ್ಣ ಕಿಟಕಿಯಲ್ಲಿ ಬರುತ್ತೆ.

ಚಿತ್ರ ಚೆನ್ನಾಗಿದ್ದು ಸದ್ದಿನ ಬದಲು ಬರೀ 'ಸ್ಸ್' ಅಂತ ಬಂದರೆ ಮಾಡ್ಯುಲೇಟರ್ ಅಮೆರಿಕದ ಪದ್ಧತಿಯಲ್ಲಿದೆ ಅಂತ ಅರ್ಥ. ಅವರಲ್ಲಿ ಸದ್ದು ಚಿತ್ರದಿಂದ 4.5 ಮೆಗಾಹರ್ಟ್ಸ್ ದೂರ, ನಮ್ಮ ಬಿ/ಜಿಯಲ್ಲಿ 5.5. ಪೆಟ್ಟಿಗೆಯ ಹಿಂದೆ ಅಥವಾ ಒಳಗೆ ಒಂದು ಪುಟ್ಟ ಸ್ವಿಚ್ ಇರುತ್ತೆ. ಇಲ್ಲದ ಪೆಟ್ಟಿಗೆ ಕೊಳ್ಳಲೇಬೇಡಿ.

ಹುಬ್ಳಿ_ಮಂದಿ
ಭಾರೀ ಐತ್ರಿ ಇದು. ಡಿಜಿಟಲ್ ಬಿಚ್ಚಿ ಅನಲಾಗ್ ಮಾಡಿ ಮತ್ತ ಡಿಜಿಟಲ್ ಟಿವಿಗೆ ಹಾಕೂದು.

ಮಂಗ್ಳೂರು_ಮೀಟರ್
ಟಿವಿಯೊಳಗೆ ಸ್ಯಾಟಲೈಟ್ ಟ್ಯೂನರ್ ಇರುವ ಮಾದರಿಗಳೂ ಉಂಟು. ಹಿಂದೆ ತಿರುಪು ಸಾಕೆಟ್ ಇದ್ದು ಸ್ಪೆಸಿಫಿಕೇಷನ್ನಿನಲ್ಲಿ ಡಿವಿಬಿ-ಎಸ್2 ಅಂತ ಇದ್ದರೆ ಡಿಡಿ ಫ್ರೀ ಡಿಶ್ ನೇರ ಹಿಡಿಯಬಹುದು, ಬಾಕ್ಸೇ ಬೇಡ. ಜಿಸ್ಯಾಟ್-15, 93.5 ಡಿಗ್ರಿ ಪೂರ್ವ, ಯುನಿವರ್ಸಲ್ ಎಲ್‌ಎನ್‌ಬಿ 9750/10600. ಎನ್‌ಕ್ರಿಪ್ಟ್ ಆಗದ ಚಾನೆಲ್ ಮಾತ್ರ ಬರ್ತದೆ, ಚಂದನ ಸಿಗ್ತದೆ. ಖಾಸಗಿ ಕನ್ನಡ ಧಾರಾವಾಹಿ ಬೇಕಿದ್ದವರಿಗೆ ಇದು ಉಪಯೋಗ ಇಲ್ಲ, ವಾರ್ತೆ ಮೂಲೆಯಲ್ಲಿ ಇರಲಿ ಅನ್ನುವವರಿಗೆ ಒಳ್ಳೆದು.

ಚಾನೆಲ್_ಚಂದ್ರು
ಬಸ್ಯಾ ಅವರ ಉಪಾಯ ಹಾಕಿದೆ. ಬಾಕ್ಸ್ ಎವಿಯಲ್ಲಿ, ಸ್ಟಿಕ್ ಎಚ್‌ಡಿಎಂಐನಲ್ಲಿ. ಹಳದಿಗೆ ಕೆಂಪು ಪ್ಲಗ್ ಹಾಕಿದ ಮೇಲೆ ಚಿತ್ರ ಬಂತು. ಈಗ ಎರಡು ತೊಂದರೆ: ಸಣ್ಣ ಕಿಟಕಿಯಲ್ಲಿ ಮುಖಗಳೆಲ್ಲ ಉದ್ದಕ್ಕೆ ಎಳೆದ ಹಾಗಿವೆ, ಪಕ್ಕದಲ್ಲಿ ಕಪ್ಪು ಪಟ್ಟಿ. ಇನ್ನೊಂದು, ಎರಡೂ ಸದ್ದು ಒಟ್ಟಿಗೆ ಬರಲ್ಲ.

ಆಂಡ್ರಾಯ್ಡ್_ಆನಂದ
ಎರಡೂ ಸದ್ದು ಒಟ್ಟಿಗೆ ಬಂದ್ರೆ ಮನೆ ಸಂತೆ ಆಗುತ್ತೆ! ಸೌಂಡ್ ಸೆಟಿಂಗ್‌ನಲ್ಲಿ ಯಾವ ಕಿಟಕಿಯ ಸದ್ದು ಅಂತ ಆರಿಸೋದು ಇರುತ್ತೆ. ಕೆಲವು ಟಿವಿಗಳಲ್ಲಿ ಮುಖ್ಯದ ಸದ್ದು ಸ್ಪೀಕರ್‌ಗೆ, ಇನ್ನೊಂದರದ್ದು ಬ್ಲೂಟೂತ್ ಹೆಡ್‌ಫೋನ್‌ಗೆ ಕಳಿಸೋ ಅವಕಾಶ ಇದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಬಾಕ್ಸಿನ ಬಿಳಿ-ಕೆಂಪು ಆಡಿಯೋವನ್ನ ಟಿವಿಗೆ ಕೊಡದೆ, ಒಂದು ಸಣ್ಣ ಬ್ಲೂಟೂತ್ ಟ್ರಾನ್ಸ್‌ಮಿಟರ್‌ಗೆ ಕೊಡಿ. ಧಾರಾವಾಹಿ ನೋಡೋರಿಗೆ ಹೆಡ್‌ಫೋನ್. ಟಿವಿ ವಾಲ್ಯೂಮ್ ಇದಕ್ಕೆ ಸಂಬಂಧ ಇರಲ್ಲ, ಬಾಕ್ಸಿನ ರಿಮೋಟಿನಿಂದ ಏರಿಸಿ ಇಳಿಸಬೇಕು.

ಮಂಗ್ಳೂರು_ಮೀಟರ್
ಚಂದ್ರು, ನಿಮ್ಮಲ್ಲಿ ಪ್ಲಗ್ ಅದಲುಬದಲಾಗಿದೆ, ಅದನ್ನು ಮರೀಬೇಡಿ. ಈಗ ಕೆಂಪಿನಲ್ಲಿ ವಿಡಿಯೋ ಇದ್ದರೆ ಆಡಿಯೋ ಇರುವುದು ಹಳದಿ ಮತ್ತು ಬಿಳಿಯಲ್ಲಿ. ಟ್ರಾನ್ಸ್‌ಮಿಟರ್‌ಗೆ ಆ ಎರಡನ್ನು ಹಾಕಿ. ಬಣ್ಣ ನೋಡಿ ಕೆಂಪು ಚುಚ್ಚಿದರೆ ಹೆಡ್‌ಫೋನ್ ಹಾಕಿದವರ ಕಿವಿಗೆ ಝಂಯ್.

ಕೇಬಲ್_ಕಿಟ್ಟಿ
ಮುಖ ಉದ್ದ ಆಗೋದಕ್ಕೆ: ಬಾಕ್ಸು 16:9 ಚಿತ್ರವನ್ನ ಅಗಲದಲ್ಲಿ ಹಿಂಡಿ ಎವಿಗೆ ಕಳಿಸ್ತಿದೆ, ಟಿವಿ ಅದನ್ನ 4:3 ಅಂತ ತಿಳ್ಕೊಂಡು ಪಕ್ಕದಲ್ಲಿ ಪಟ್ಟಿ ಬಿಡ್ತಿದೆ. ಪಿಐಪಿ ಆನ್ ಇದ್ದಾಗ ಟಿವಿಯ ಪಿಕ್ಚರ್ ಸೈಜ್ ಮೆನು ಬಹಳ ಸಲ ಬೂದು ಆಗಿರುತ್ತೆ. ಹಾಗಾಗಿ ಪಿಐಪಿ ಆಫ್ ಮಾಡಿ, ಎವಿ ಇನ್‌ಪುಟ್ಟನ್ನ ಪೂರ್ತಿ ಪರದೆಗೆ ತಗೊಂಡು, ಅಲ್ಲಿ 16:9 ಆರಿಸಿ, ಆಮೇಲೆ ಪಿಐಪಿ ಹಾಕಿ. ಟಿವಿ ಪ್ರತಿ ಇನ್‌ಪುಟ್ಟಿಗೂ ಬೇರೆ ಬೇರೆ ನೆನಪಿಟ್ಕೊಳ್ಳೋ ಮಾದರಿ ಆದರೆ ಇಷ್ಟಕ್ಕೇ ಸರಿ ಹೋಗುತ್ತೆ. ಹೋಗದಿದ್ದರೆ ಬಾಕ್ಸಿನ ಡಿಸ್‌ಪ್ಲೇ ಸೆಟಿಂಗ್‌ನಲ್ಲಿ ಟಿವಿ ಪ್ರಕಾರ 4:3, ಮಾದರಿ ಲೆಟರ್‌ಬಾಕ್ಸ್ ಅಂತ ಇಡಿ. ಮೇಲೆ ಕೆಳಗೆ ಪಟ್ಟಿ ಬರುತ್ತೆ, ಮುಖ ಮಾತ್ರ ಮುಖದ ಹಾಗೆ ಇರುತ್ತೆ.

ತುಂಗಾ_ತೀರ
ಆಪ್‌ನಲ್ಲಿ ಮ್ಯಾಚ್ ನೋಡಿದರೆ ಪಕ್ಕದ ಮನೆ ಡಿಟಿಎಚ್‌ಗಿಂತ ತಡ ಬರುತ್ತೆ ಗೊತ್ತಲ್ಲ? ಅವರು ಕೂಗಿದ ಮೇಲೆ ನಿಮಗೆ ಸಿಕ್ಸರ್.

ಬೀದರ್_ಬಿಟ್
ಅದು ಸ್ಟ್ರೀಮಿಂಗ್‌ನ ಹಣೆಬರಹ. ವಿಡಿಯೋವನ್ನ ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳಿಸ್ತಾರೆ, ಆಪ್ ಒಂದಷ್ಟು ತುಂಡು ಕೂಡಿಟ್ಕೊಂಡ ಮೇಲೆ ಓಡಿಸುತ್ತೆ. ಬೇಕಾದ್ರೆ ಉಲ್ಟಾ ಮಾಡಿ: ಬಾಕ್ಸ್ ಎಚ್‌ಡಿಎಂಐನಲ್ಲಿ ದೊಡ್ಡದಾಗಿ ಮ್ಯಾಚ್, ಧಾರಾವಾಹಿ ಚಾನೆಲ್ಲಿನ ಆಪ್ ಟಿವಿಯೊಳಗೇ ಇದ್ದು ಮಲ್ಟಿ ವ್ಯೂಗೆ ಒಪ್ಪಿದರೆ ಅದು ಮೂಲೆಯಲ್ಲಿ. ಎವಿ ವೈರೇ ಬೇಡ. ಒಪ್ಪದಿದ್ದರೆ ಫೋನಿನಿಂದ ಸ್ಕ್ರೀನ್ ಮಿರರಿಂಗ್ ಮಾಡಿ ನೋಡಿ. ಆದರೆ ಹಣ ಕೊಟ್ಟು ನೋಡೋ ಆಪ್‌ಗಳು ಡಿಆರ್‌ಎಂನಿಂದಾಗಿ ಮಿರರಿಂಗ್‌ನಲ್ಲಿ ಕಪ್ಪು ತೋರಿಸೋದೇ ಹೆಚ್ಚು. ಮಿರರಿಂಗ್ ಮಾಡುವಾಗ ಫೋನೂ ಟಿವಿಯೂ 5 ಗಿಗಾಹರ್ಟ್ಸ್ ವೈಫೈನಲ್ಲಿರಲಿ, 2.4ರಲ್ಲಿ ಅಕ್ಕಪಕ್ಕದ ಫ್ಲ್ಯಾಟುಗಳ ಗದ್ದಲಕ್ಕೆ ಚಿತ್ರ ಕಟ್ ಆಗುತ್ತೆ.

ಚಾನೆಲ್_ಚಂದ್ರು
16:9 ಸರಿ ಆಯ್ತು, ಪಿಐಪಿ ಆಫ್ ಮಾಡಿ ಎವಿಯಲ್ಲಿ ಸೇವ್ ಮಾಡಿದ ಮೇಲೆ. ಟ್ರಾನ್ಸ್‌ಮಿಟರ್‌ಗೆ ಹಳದಿ-ಬಿಳಿ ಹಾಕಿದೆ, ಸದ್ದು ಬರ್ತಿದೆ, ಆದರೆ ತುಟಿಗೂ ಮಾತಿಗೂ ಹೊಂದಲ್ಲ.

ಆಂಡ್ರಾಯ್ಡ್_ಆನಂದ
ಮಾಮೂಲಿ ಎಸ್‌ಬಿಸಿ ಕೋಡೆಕ್ (ಬ್ಲೂಟೂತ್‌ನಲ್ಲಿ ಸದ್ದು ಕುಗ್ಗಿಸಿ ಕಳಿಸೋ ವಿಧಾನ) ಆದರೆ ಮಾತು ಕಣ್ಣಿಗೆ ಕಾಣೋಷ್ಟು ಹಿಂದೆ ಬೀಳುತ್ತೆ. ಟ್ರಾನ್ಸ್‌ಮಿಟರ್ ಮತ್ತು ಹೆಡ್‌ಫೋನ್ ಎರಡರಲ್ಲೂ ಆಪ್ಟ್‌ಎಕ್ಸ್ ಲೋ ಲೇಟೆನ್ಸಿಯಂಥ ಕಡಿಮೆ ತಡದ ಕೋಡೆಕ್ ಇದ್ದರೆ ಮಾತ್ರ ಹೊಂದುತ್ತೆ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ತಾನಾಗೇ ಎಸ್‌ಬಿಸಿಗೆ ಇಳಿಯುತ್ತೆ. ಅದಕ್ಕಿಂತ ಅಗ್ಗದ ದಾರಿ ವೈರು: ಹಳದಿ-ಬಿಳಿಯಿಂದ 3.5 ಹೆಣ್ಣು ಅಡಾಪ್ಟರ್, ಮೂರು ಮೀಟರ್ ಎಕ್ಸ್‌ಟೆನ್ಷನ್, ಮಾಮೂಲಿ ಇಯರ್‌ಫೋನ್. ಬಾಕ್ಸಿನ ಲೈನ್ ಔಟ್ ಇಯರ್‌ಫೋನ್ ಓಡಿಸೋಕೆ ಮಾಡಿದ್ದಲ್ಲ, ಸದ್ದು ಸಣ್ಣಗೆ ಬರಬಹುದು. ಹಾಗಾದ್ರೆ ಮಧ್ಯೆ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಹಾಕಿ, ಯುಎಸ್‌ಬಿಯಿಂದ ಚಾರ್ಜ್ ಆಗೋ ಪುಟ್ಟವು ಸಿಗ್ತವೆ. ಅದರ ಕರೆಂಟನ್ನ ಟಿವಿಯ ಯುಎಸ್‌ಬಿಯಿಂದ ತಗೋಬೇಡಿ, ಗ್ರೌಂಡ್ ಲೂಪ್ ಆಗಿ 'ಗುಂಯ್' ಅಂತ ಹಮ್ ಶುರುವಾಗಬಹುದು. ಬೇರೆ ಚಾರ್ಜರ್‌ಗೆ ಹಾಕಿ.